ಹೆಸರಿನೊಳಗಿನ ಸೊನ್ನೆ

ಕಲಬುರಗಿಯಲ್ಲಿ ಕಂಪ್ಯೂಟರ್ ಓದುವ ಹುಡುಗ ಹುಡುಗಿಯರು, ಡಿಟಿಪಿ ಅಂಗಡಿಯವರು, ಒಂದಿಬ್ಬರು ಮೇಷ್ಟ್ರು ಸೇರಿದ್ದ ಕಡೆ ಆಡಿದ ಮಾತಿದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಅಲ್ಲಿ ಪರದೆ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ಕಮಾಂಡುಗಳು, ಫಾಂಟಿನ ಹೆಸರುಗಳು ನಿಜದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಇರುತ್ತವೆ. ಓದಲು ಸಲೀಸಾಗಲಿ ಅಂತ ಕನ್ನಡಕ್ಕೆ ಇಳಿಸಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನಲ್ಲೇ ಮಾಡಿ.

ನಮಸ್ಕಾರ. ಇವತ್ತಿನ ವಿಷಯ ಕೇಳಲು ಸ್ವಲ್ಪ ಒಣ ವಿಷಯ. ಎಕ್ಸ್ ವಿಂಡೋ ಸಿಸ್ಟಂ ಅಂದರೆ ಲಿನಕ್ಸ್ ಥರದ ಕಂಪ್ಯೂಟರುಗಳಲ್ಲಿ ಪರದೆ ಮೇಲೆ ಕಿಟಕಿ, ಚಿತ್ರ, ಅಕ್ಷರ ಮೂಡಿಸುವ ವ್ಯವಸ್ಥೆ. ಅದರಲ್ಲಿ ಯಾವ ಫಾಂಟ್ ಎಷ್ಟು ಬೇಕಾದರೂ ಹಿಗ್ಗುತ್ತದೆ, ಯಾವುದು ಹಿಗ್ಗುವುದಿಲ್ಲ, ಅದನ್ನು ನಮ್ಮ ಪ್ರೋಗ್ರಾಂ ಗುರುತು ಹಿಡಿಯುವುದು ಹೇಗೆ. ಇಷ್ಟೇ. ನಾನು ಇದನ್ನು ಓದಿ ಕಲಿಯಲಿಲ್ಲ, ಬೈಸಿಕೊಂಡು ಕಲಿತೆ. ಹಾಗಾಗಿ ಬೈಗುಳದಿಂದಲೇ ಶುರು ಮಾಡುತ್ತೇನೆ.

ಸುಮಾರು 20 ವರ್ಷದ ಹಿಂದಿನ ಮಾತು. ಇಲ್ಲಿನ ಗಂಜಿನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ತೊಗರಿ ವ್ಯಾಪಾರದ ಒಬ್ಬರಿದ್ದರು. ದಿನದ ರೇಟನ್ನು ಹಲಗೆ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆಯುತ್ತಿದ್ದರು. ಒಂದು ಹಳೆ ಕಂಪ್ಯೂಟರ್ ಇದೆ, ಅದರ ಮಾನಿಟರನ್ನು ಬಾಗಿಲ ಕಡೆ ತಿರುಗಿಸಿ ಇಡುತ್ತೇನೆ, ರೇಟ್ ದೊಡ್ಡದಾಗಿ ಕಾಣುವ ಹಾಗೆ ಮಾಡಿಕೊಡು ಅಂದರು. ನನಗೆ ಆಗ ಲಿನಕ್ಸ್ ಹುಚ್ಚು. ಒಂದು ಸಣ್ಣ ಸಿ ಪ್ರೋಗ್ರಾಂ ಬರೆದೆ. ಮನೆಯಲ್ಲಿ ಮೇಜಿನ ಮೇಲೆ 14 ಪಿಕ್ಸೆಲ್ ಅಕ್ಷರದಲ್ಲಿ ನೋಡಿದೆ. ಚೆಂದ ಇತ್ತು. ಅಂಗಡಿಗೆ ಹೋಗಿ 14 ಅಂತ ಇದ್ದದ್ದನ್ನು 96 ಮಾಡಿ, ಚಾಲೂ ಮಾಡಿ, ಚಹಾ ಕುಡಿಯಲು ಹೋದೆ.

ತಿರುಗಿ ಬರುವಷ್ಟರಲ್ಲಿ ಅವರು ಬಾಗಿಲಲ್ಲೇ ನಿಂತಿದ್ದರು. "ಏನ್ರಿ ಇದು, ತೊಗರಿ ರೇಟ್ ಬರ್ದೀರೋ, ಮಾಳಗಿ ಹತ್ತಾಕ ಮೆಟ್ಟಲ ಕಟ್ಟೀರೋ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಂಕಿಯ ಪ್ರತಿ ತಿರುವೂ ಮೆಟ್ಟಿಲು ಮೆಟ್ಟಿಲಾಗಿತ್ತು. ರಸ್ತೆಯಲ್ಲಿ ನಿಂತು ನೋಡಿದರೆ 8 ಯಾವುದು, 6 ಯಾವುದು ಅಂತ ಗೊಂದಲ. ರೇಟಿನಲ್ಲಿ 6 ಮತ್ತು 8 ಅದಲುಬದಲಾದರೆ ಏನಾಗುತ್ತದೆ ಅಂತ ಗಂಜಿನವರಿಗೆ ಹೇಳಿಕೊಡಬೇಕಾಗಿಲ್ಲ.

ಏನಾಗಿತ್ತು ಅಂದರೆ, ನಾನು ಕೇಳಿದ್ದು ಚುಕ್ಕಿಯ ಫಾಂಟು. ಅಂದರೆ ಬಿಟ್‌ಮ್ಯಾಪ್. ಅದರಲ್ಲಿ ಅಕ್ಷರ ಅಂದರೆ ಒಂದು ಚೌಕುಳಿ, ಯಾವ ಮನೆ ಕಪ್ಪು, ಯಾವ ಮನೆ ಬಿಳಿ ಅನ್ನುವ ಲೆಕ್ಕ ಮಾತ್ರ. ಕಸೂತಿ ಹಾಕುವವರನ್ನು ನೋಡಿದ್ದೀರಲ್ಲ, ಎಳೆ ಎಣಿಸಿ ಎಣಿಸಿ ಹೊಲಿಗೆ ಹಾಕುತ್ತಾರೆ. ಗೋಪುರಕ್ಕೆ ಇಷ್ಟು ಎಳೆ, ತೇರಿಗೆ ಇಷ್ಟು ಎಳೆ. ಅದೇ ಲೆಕ್ಕದಲ್ಲಿ ಅದೇ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡು ಅಂದರೆ ಪ್ರತಿ ಹೊಲಿಗೆಯೂ ಹಗ್ಗದಷ್ಟು ದಪ್ಪ ಆಗಬೇಕು. ಉದಾಹರಣೆಗೆ 24 ಪಿಕ್ಸೆಲ್, ಅಂದರೆ 24 ಚುಕ್ಕಿ ಎತ್ತರದ ಅಕ್ಷರವನ್ನು 96ಕ್ಕೆ ಜಗ್ಗಿದರೆ ಒಂದು ಚುಕ್ಕಿ ಇದ್ದಲ್ಲಿ 4 ಅಡ್ಡ, 4 ಉದ್ದ, ಒಟ್ಟು 16 ಚುಕ್ಕಿಯ ಇಟ್ಟಿಗೆ ಕೂರುತ್ತದೆ. ಮೆಟ್ಟಿಲು ಬಂದದ್ದು ಹೀಗೆ.

ಇನ್ನೊಂದು ಬಗೆಯದು ಗೆರೆಯ ಫಾಂಟು, ಔಟ್‌ಲೈನ್. ಬೀದರಿನ ಬಿದರಿ ಕೆಲಸದವರ ಹತ್ತಿರ ಒಂದು ಗಂಟೆ ಕೂತು ನೋಡಿ. ಸತುವು, ಚೂರು ತಾಮ್ರ ಸೇರಿಸಿ ಎರಕ ಹೊಯ್ದ ಪಾತ್ರೆಗೆ ಮೈಲುತುತ್ತದ ನೀರು ಸವರಿ ಕಪ್ಪು ಮಾಡಿಕೊಳ್ಳುತ್ತಾರೆ. ಅದರ ಮೇಲೆ ಚೂಪು ಕಡ್ಡಿಯಿಂದ ಬಳ್ಳಿ ಎಳೆಯುತ್ತಾರೆ, ಆ ಗೆರೆ ಹಿಡಿದು ಉಳಿಯಲ್ಲಿ ಕೊರೆದು ಬೆಳ್ಳಿ ತಂತಿ ಕೂರಿಸುತ್ತಾರೆ. ಬಳ್ಳಿ ಎಲ್ಲಿ ಶುರು, ಎಲ್ಲಿ ಬಾಗುತ್ತದೆ, ಎಲ್ಲಿ ಮುಗಿಯುತ್ತದೆ ಅನ್ನುವುದು ಅವರ ಕೈಗೆ ಗೊತ್ತು. ಸಣ್ಣ ಡಬ್ಬಿಯಾದರೆ ಸಣ್ಣ ಬಳ್ಳಿ, ಹೂಜಿಯಾದರೆ ದೊಡ್ಡ ಬಳ್ಳಿ. ದೊಡ್ಡದರಲ್ಲೂ ತಿರುವು ನುಣುಪೇ. ಔಟ್‌ಲೈನ್ ಫಾಂಟ್ ಇಟ್ಟುಕೊಳ್ಳುವುದೂ ಇದನ್ನೇ: ಗೆರೆಯ ತುದಿಗಳು, ಬಾಗುವ ಬಗೆ. ಟೈಪ್ 1, ಟ್ರೂಟೈಪ್ ಅಂತ ಇದರಲ್ಲಿ ಎರಡು ಬಗೆ. ಟೈಪ್ 1 ಫಾಂಟಿನಲ್ಲಿ ಆ ಬಾಗಿನ ಲೆಕ್ಕ ಕ್ಯೂಬಿಕ್ ಬೆಜಿಯೆ, ಟ್ರೂಟೈಪ್‌ನಲ್ಲಿ ಕ್ವಾಡ್ರಾಟಿಕ್. ಯಾವ ಅಳತೆ ಕೇಳುತ್ತೀರೋ ಆ ಅಳತೆಗೆ ಚುಕ್ಕಿ ತುಂಬುವುದು ಆಮೇಲಿನ ಕೆಲಸ.

ಹಾಗಂತ ಚುಕ್ಕಿ ಫಾಂಟ್ ಕೀಳು ಅಂತ ತಿಳಿಯಬೇಡಿ. ಯಾವ ಅಳತೆಗೆ ಅಂತ ಕೂತು ಬಿಡಿಸಿದ್ದಾರೋ ಆ ಅಳತೆಯಲ್ಲಿ ಅದರಷ್ಟು ಚೊಕ್ಕ ಬೇರೆ ಸಿಗುವುದು ಕಷ್ಟ. ನಾನು ಈಗಲೂ ಟರ್ಮಿನಲ್‌ನಲ್ಲಿ ಟರ್ಮಿನಸ್ ಅನ್ನುವ ಚುಕ್ಕಿ ಫಾಂಟನ್ನೇ ಬಳಸುತ್ತೇನೆ. ಸಣ್ಣ ಅಳತೆಗೆ ಹೊಲಿದ ಅಂಗಿಯನ್ನು ದೊಡ್ಡವರಿಗೆ ತೊಡಿಸಿದ್ದು ನನ್ನ ತಪ್ಪು, ಅಂಗಿಯದ್ದಲ್ಲ.

ಸರಿ, ಈ ಎರಡರಲ್ಲಿ ಯಾವುದು ಯಾವುದು ಅಂತ ಗುರುತಿಸುವುದು ಹೇಗೆ? ಅಕ್ಷರ ಮೂಡಿಸಿ ಕಣ್ಣಲ್ಲಿ ನೋಡಬಹುದು. ಆದರೆ ಪ್ರೋಗ್ರಾಂಗೆ ಕಣ್ಣಿಲ್ಲ, ಅದು ಹೆಸರನ್ನೇ ಓದಬೇಕು. ಇವತ್ತಿನ ಮಾತೆಲ್ಲ ಆ ಹೆಸರಿನ ಮೇಲೆಯೇ.

ಎಕ್ಸ್ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ, 1984ರಲ್ಲಿ. ಇವತ್ತಿಗೂ ನಡೆಯುತ್ತಿರುವ ಎಕ್ಸ್11 ಬಂದದ್ದು 1987ರಲ್ಲಿ. ಅದರಲ್ಲಿ ಪರದೆ ನೋಡಿಕೊಳ್ಳುವುದು ಸರ್ವರ್. ನಮ್ಮ ಪ್ರೋಗ್ರಾಂ ಬರೀ ಗಿರಾಕಿ. ಹಳೆ ಪದ್ಧತಿಯಲ್ಲಿ ಫಾಂಟುಗಳೂ ಸರ್ವರ್ ಕೈಯಲ್ಲೇ ಇರುತ್ತಿದ್ದವು. ಗಿರಾಕಿ ಬಂದು ಹೆಸರು ಹೇಳಿ ಕೇಳಬೇಕು. ಆ ಹೆಸರು ಎಷ್ಟು ಉದ್ದ ಅಂದರೆ, ಗೋತ್ರ ಸೂತ್ರ ಎಲ್ಲ ಅದರೊಳಗೇ ಇದೆ. ಒಂದು ಹೆಸರು ನೋಡಿ:

-ಅಡೋಬಿ-ಕೊರಿಯರ್-ಮೀಡಿಯಂ-ಆರ್-ನಾರ್ಮಲ್--12-120-75-75-ಎಂ-70-ಐಎಸ್ಒ8859-1

ಹೈಫನ್ ಎಣಿಸಿ, 14 ಇವೆ. ಪ್ರತಿ ಹೈಫನ್ ಆದ ಮೇಲೆ ಒಂದು ಮನೆ, ಚೌಕಾಬಾರದ ಮನೆ ಇದ್ದ ಹಾಗೆ. ಮೊದಲ ಮನೆಯಲ್ಲಿ ಫಾಂಟ್ ಮಾಡಿದವರು. ಎರಡನೆಯದು ಮನೆತನ. ಆಮೇಲೆ ದಪ್ಪವೋ ತೆಳುವೋ, ನೇರವೋ ವಾಲಿದ್ದೋ, ಅಗಲ ಎಷ್ಟು. ಆರನೇ ಮನೆ ಸಾಮಾನ್ಯವಾಗಿ ಖಾಲಿ, ಅದಕ್ಕೇ ಎರಡು ಹೈಫನ್ ಒಟ್ಟಿಗೆ ಕಾಣುತ್ತವೆ. ಖಾಲಿ ಇದ್ದರೂ ಅದು ಮನೆಯೇ, ಬಿಟ್ಟು ಎಣಿಸಿದರೆ ಮುಂದಿನದೆಲ್ಲ ಒಂದೊಂದು ಜಾರುತ್ತದೆ. ನನ್ನ ಮೊದಲ ಪ್ರೋಗ್ರಾಂ ಹೀಗೇ ಜಾರಿತ್ತು.

ಏಳನೇ ಮನೆಯಿಂದ ನಮ್ಮ ಕೆಲಸ ಶುರು. 12 ಅಂದರೆ ಪಿಕ್ಸೆಲ್ ಲೆಕ್ಕದ ಎತ್ತರ. ಎಂಟನೇ ಮನೆಯ 120 ಅಂದರೆ 12 ಪಾಯಿಂಟ್ (ಅಚ್ಚಿನವರ ಅಳತೆ), ಅಲ್ಲಿ ಪಾಯಿಂಟನ್ನು 10 ಪಟ್ಟು ಮಾಡಿ ಬರೆಯುತ್ತಾರೆ. ಒಂಬತ್ತು, ಹತ್ತನೇ ಮನೆಯ 75 ಅಂದರೆ ಇಂಚಿಗೆ 75 ಚುಕ್ಕಿ ಇರುವ ಪರದೆಗೆ ಅಂತ ಬಿಡಿಸಿದ್ದು. ಅದೇ 12 ಪಾಯಿಂಟ್ ಕೊರಿಯರ್ ಇಂಚಿಗೆ 100 ಚುಕ್ಕಿಯ ಪರದೆಗೆ ಬಂದರೆ ಏಳನೇ ಮನೆಯಲ್ಲಿ 17 ಇರುತ್ತದೆ. ಪಾಯಿಂಟ್ ಒಂದೇ, ಚುಕ್ಕಿ ಬೇರೆ. ಹನ್ನೊಂದರ ಎಂ ಅಂದರೆ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಹನ್ನೆರಡರ 70 ಸರಾಸರಿ ಅಗಲ, ಇದೂ 10 ಪಟ್ಟು, ಅಂದರೆ 7 ಪಿಕ್ಸೆಲ್. ಕೊನೆಯ ಎರಡು ಮನೆ ಅಕ್ಷರಗಳ ಪಟ್ಟಿ ಯಾವುದು ಅಂತ ಹೇಳುತ್ತವೆ. ಅಲ್ಲಿಗೆ ಆಮೇಲೆ ಬರುತ್ತೇನೆ, ಕನ್ನಡದ ಗೋಳು ಅಲ್ಲಿದೆ.

ಈಗ ಅದೇ ಮನೆತನದ ಇನ್ನೊಂದು ಹೆಸರು:

-ಐಬಿಎಂ-ಕೊರಿಯರ್-ಮೀಡಿಯಂ-ಆರ್-ನಾರ್ಮಲ್--0-0-0-0-ಎಂ-0-ಐಎಸ್ಒ8859-1

ಮೊದಲ ಸಲ ಇದನ್ನು ಪಟ್ಟಿಯಲ್ಲಿ ನೋಡಿದಾಗ ನಾನು ಏನೋ ಕೆಟ್ಟುಹೋಗಿದೆ ಅಂದುಕೊಂಡೆ. ಎತ್ತರ ಸೊನ್ನೆ, ಅಗಲ ಸೊನ್ನೆ, ಹಾಗಾದರೆ ಅಕ್ಷರ ಎಲ್ಲಿದೆ? ಆ ಸೊನ್ನೆಯನ್ನು ಗಣಿತದ ಸೊನ್ನೆಯಾಗಿ ಓದಿದರೆ ಅರ್ಥ ಆಗುವುದಿಲ್ಲ. ಕನ್ನಡದ ಸೊನ್ನೆಯಾಗಿ ಓದಬೇಕು.

ಅಂ ಅನ್ನುವಾಗ ಹಾಕುವ ಅನುಸ್ವಾರಕ್ಕೂ ನಾವು ಸೊನ್ನೆ ಅಂತೀವಲ್ಲ. ಅದಕ್ಕೆ ತನ್ನದೇ ಆದ ಒಂದು ಸದ್ದು ಅಂತ ಇಲ್ಲ. ಅಂಗಡಿ ಅನ್ನುವಾಗ ಒಂದು ಸದ್ದು, ಅಂಚೆ ಅನ್ನುವಾಗ ಇನ್ನೊಂದು, ಅಂಟು ಅನ್ನುವಾಗ ಮತ್ತೊಂದು, ಅಂಬಲಿ ಅನ್ನುವಾಗ ತುಟಿ ಮುಚ್ಚುತ್ತದೆ. ಬರೆಯುವುದು ಒಂದೇ ಸೊನ್ನೆ. ಮುಂದೆ ಯಾವ ಅಕ್ಷರ ಬರುತ್ತದೋ ಅದರ ಸದ್ದನ್ನು ಅದು ತಗೊಳ್ಳುತ್ತದೆ. ಫಾಂಟಿನ ಹೆಸರಿನ ಸೊನ್ನೆಯೂ ಅಂಥದ್ದೇ. ಅಳತೆ ಇಲ್ಲ ಅಂತ ಅಲ್ಲ, ನೀನು ಏನು ಕೇಳುತ್ತೀಯೋ ಅದೇ ನನ್ನ ಅಳತೆ ಅಂತ. ಅಲ್ಲಿ 96 ತುಂಬಿ ಕೇಳಿ, 96 ಕೊಡುತ್ತದೆ. 37 ಕೇಳಿ, 37 ಕೊಡುತ್ತದೆ.

ಹಾಗಾಗಿ ಮೊದಲ ನಿಯಮ ಹೀಗಿದೆ. ಹೆಸರಿನಲ್ಲಿ 14 ಮನೆ ಪೂರ್ತಿ ಇರಬೇಕು. ಏಳು, ಎಂಟು, ಹನ್ನೆರಡನೇ ಮನೆಗಳಲ್ಲಿ ಸೊನ್ನೆ ಇರಬೇಕು. ಇದ್ದರೆ ಆ ಫಾಂಟನ್ನು ಸ್ಕೇಲೆಬಲ್, ಅಂದರೆ ಹಿಗ್ಗುವಂಥದ್ದು ಅಂತ ಎಕ್ಸ್ ಒಪ್ಪುತ್ತದೆ. ಪ್ರೋಗ್ರಾಂನಲ್ಲಿ ಇದನ್ನು ಬರೆಯುವುದು ಸುಲಭ. ಹೆಸರನ್ನು ಮೊದಲಿಂದ ಒಂದೊಂದೇ ಅಕ್ಷರ ನೋಡುತ್ತಾ ಹೋಗಿ, ಹೈಫನ್ ಸಿಕ್ಕಾಗಲೆಲ್ಲ ಎಣಿಕೆ ಒಂದು ಏರಿಸಿ. ಎಣಿಕೆ 7, 8 ಅಥವಾ 12 ಆದಾಗ ಮುಂದಿನದು ಸೊನ್ನೆಯಾ, ಅದರ ಮುಂದಿನದು ಹೈಫನ್ ಹೌದಾ ನೋಡಿ. ಎರಡರಲ್ಲಿ ಒಂದು ತಪ್ಪಿದರೂ ಇಲ್ಲ ಅಂತ ತಿರುಗಿಸಿ ಕಳಿಸಿ. ಕೊನೆಗೆ ಎಣಿಕೆ ಸರಿಯಾಗಿ 14ಕ್ಕೆ ನಿಲ್ಲಬೇಕು. ಹತ್ತು ಹದಿನೈದು ಸಾಲಿನ ಕೆಲಸ.

14 ಯಾಕೆ ನೋಡಬೇಕು ಅಂದರೆ, ಪಟ್ಟಿಯಲ್ಲಿ ಅಡ್ಡ ಹೆಸರುಗಳೂ ಇರುತ್ತವೆ. ಫಿಕ್ಸೆಡ್ ಅಂತ ಒಂದಿದೆ, 9ಎಕ್ಸ್15 ಅಂತ ಒಂದಿದೆ. ಊರಲ್ಲಿ ಎಲ್ಲರೂ ಪುಟ್ಟಪ್ಪ ಅಂತ ಕರೆದರೂ ರೇಷನ್ ಕಾರ್ಡಿನಲ್ಲಿ ಬೇರೆ ಹೆಸರು ಇರುತ್ತದಲ್ಲ, ಹಾಗೆ. ಇವುಗಳ ಹಿಂದೆ ಉದ್ದನೆಯ ಹೆಸರಿನ ಒಂದು ಚುಕ್ಕಿ ಫಾಂಟ್ ಇರುತ್ತದೆ. ಅಡ್ಡ ಹೆಸರಿನಿಂದ ಏನೂ ತಿಳಿಯುವುದಿಲ್ಲ.

ಈ ನಿಯಮ ಗೊತ್ತಾದ ಮೇಲೆ ನಾನು ಜಂಬದಿಂದ ಗಂಜಿಗೆ ಹೋದೆ. ಪ್ರೋಗ್ರಾಂ ಈಗ ಸೊನ್ನೆ ಇರುವ ಹೆಸರನ್ನು ಹುಡುಕಿ ಅದರಲ್ಲಿ 96 ತುಂಬುತ್ತಿತ್ತು. ಚಾಲೂ ಮಾಡಿದೆ. ಮತ್ತೆ ಮೆಟ್ಟಿಲು!

ನನಗೆ ತಲೆ ಕೆಟ್ಟಿತು. ಒಂದು ವಾರ ಹಿಡಿಯಿತು. ಎಕ್ಸ್‌ಎಲ್‌ಎಸ್‌ಫಾಂಟ್ಸ್ ಅನ್ನುವ ಕಮಾಂಡ್ ಇದೆ, ಸರ್ವರ್ ಹತ್ತಿರ ಇರುವ ಫಾಂಟುಗಳ ಹೆಸರೆಲ್ಲ ಸುರಿಯುತ್ತದೆ. ಆ ಪಟ್ಟಿಯನ್ನು ಸಾಲು ಸಾಲಾಗಿ ಓದುತ್ತಾ ಕೂತಾಗ ಇದು ಕಣ್ಣಿಗೆ ಬಿತ್ತು:

-ಅಡೋಬಿ-ಕೊರಿಯರ್-ಮೀಡಿಯಂ-ಆರ್-ನಾರ್ಮಲ್--0-0-75-75-ಎಂ-0-ಐಎಸ್ಒ8859-1

ಏಳನೇ ಮನೆ ಸೊನ್ನೆ, ಎಂಟನೆಯದು ಸೊನ್ನೆ, ಹನ್ನೆರಡನೆಯದೂ ಸೊನ್ನೆ. ನಿಯಮದ ಪ್ರಕಾರ ಪಾಸು. ಆದರೆ ಒಂಬತ್ತು ಮತ್ತು ಹತ್ತನೇ ಮನೆ ನೋಡಿ, ಅಲ್ಲಿ 75 ಇದೆ. ಗೆರೆಯ ಫಾಂಟಿಗೆ ಯಾವ ಪರದೆಯಾದರೂ ಒಂದೇ, ಅದು ಅಲ್ಲೂ ಸೊನ್ನೆ ಇಡುತ್ತದೆ. ಇಂಚಿಗೆ ಇಷ್ಟೇ ಚುಕ್ಕಿ ಅಂತ ಬರೆದುಕೊಂಡಿದೆ ಅಂದರೆ ಅದು ಮೂಲದಲ್ಲಿ ಚುಕ್ಕಿ ಫಾಂಟು. ಎಕ್ಸ್ ಸರ್ವರ್ ಬಲು ಉಪಕಾರಿ. ತನ್ನ ಹತ್ತಿರ ಇರುವ ಚುಕ್ಕಿ ಫಾಂಟನ್ನೂ ಜಗ್ಗಿ ಕೊಡಲು ತಯಾರಾಗಿ, ಅದಕ್ಕೂ ಸೊನ್ನೆಯ ಹೆಸರನ್ನು ಕಟ್ಟಿ ಪಟ್ಟಿಯಲ್ಲಿ ಇಟ್ಟಿರುತ್ತದೆ. ಅದು ಸುಳ್ಳು ಹೇಳಿಲ್ಲ. ಹಿಗ್ಗುತ್ತದಾ ಅಂತ ಕೇಳಿದೆ, ಹಿಗ್ಗುತ್ತದೆ ಅಂದಿತು. ಚೆಂದ ಹಿಗ್ಗುತ್ತದಾ ಅಂತ ನಾನು ಕೇಳಲೇ ಇಲ್ಲ.

ಈ ಇಡೀ ವಿಷಯದಲ್ಲಿ ಒಂದೇ ಒಂದು ನೆನಪಿಟ್ಟುಕೊಳ್ಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ಮೂರು ಸೊನ್ನೆ ಇದ್ದರೆ ಹಿಗ್ಗುತ್ತದೆ. ಐದು ಸೊನ್ನೆ ಇದ್ದರೆ ಗೆರೆ ಕೆಡದೆ ಹಿಗ್ಗುತ್ತದೆ. ಪ್ರೋಗ್ರಾಂನಲ್ಲಿ 7, 8, 12ರ ಜೊತೆ 9, 10 ಸೇರಿಸಿ.

ಇನ್ನೊಂದು ಹಳ್ಳ ಇಲ್ಲೇ ಪಕ್ಕದಲ್ಲಿದೆ. ಕೆಲವರು ಏನು ಮಾಡುತ್ತಾರೆ ಅಂದರೆ, ಏಳನೇ ಮನೆಯಲ್ಲಿ 37 ಅಂತ ಯಾರೂ ಬಿಡಿಸಿರದ ಒಂದು ಅಳತೆ ಹಾಕಿ, ಈ ಫಾಂಟ್ ಇದೆಯಾ ಅಂತ ಕೇಳುತ್ತಾರೆ. ಇದೆ ಅಂದರೆ ಸ್ಕೇಲೆಬಲ್ ಅಂತ ತೀರ್ಮಾನ. ಇದು ಕೆಲಸಕ್ಕೆ ಬಾರದ ಪರೀಕ್ಷೆ. ಜಗ್ಗಿ ಕೊಡುವ ಸರ್ವರ್ ಚುಕ್ಕಿ ಫಾಂಟಿಗೂ ಇದೆ ಅಂತಲೇ ಅನ್ನುತ್ತದೆ.

ನಕ್ಷತ್ರದ ಚಿಹ್ನೆ ಹಾಕಿ ಹುಡುಕುವಾಗಲೂ ಹುಷಾರು. ಪಟ್ಟಿ ಕೇಳುವಾಗ ಯಾವುದಾದರೂ ಇರಲಿ ಅನ್ನುವ ಕಡೆ ನಕ್ಷತ್ರ ಹಾಕಬಹುದು. ಆದರೆ ಆ ನಕ್ಷತ್ರ ಒಂದು ಮನೆಗೆ ನಿಲ್ಲುವುದಿಲ್ಲ, ಹೈಫನ್‌ಗಳನ್ನೂ ನುಂಗಿಕೊಂಡು ಮುಂದೆ ಹೋಗುತ್ತದೆ. ಕೈಯಲ್ಲಿ ಹುಡುಕುವಾಗ ಪರವಾಗಿಲ್ಲ, ಎಕ್ಸ್‌ಎಲ್‌ಎಸ್‌ಫಾಂಟ್ಸ್‌ಗೆ ಹೈಫನ್ ಎಫ್‌ಎನ್ ಕೊಟ್ಟು '*-0-0-0-0-*-0-*' ಅಂತ ಕೇಳಿದರೆ ಬೇಕಾದದ್ದು ಸಿಗುತ್ತದೆ. ಒಂಟಿ ಉದ್ಧರಣ ಚಿಹ್ನೆ ಮರೆಯಬೇಡಿ, ಮರೆತರೆ ನಕ್ಷತ್ರವನ್ನು ನಾವು ಟೈಪ್ ಮಾಡಿದ ಕಮಾಂಡ್ ಓದುವ ಶೆಲ್ ತಾನೇ ತಿಂದುಬಿಡುತ್ತದೆ. ಪ್ರೋಗ್ರಾಂ ಬರೆಯುವಾಗ ಮಾತ್ರ ಪಟ್ಟಿ ತರಿಸಿಕೊಂಡು ನೀವೇ ಮನೆ ಎಣಿಸಿ. ಹೆಸರಿನ ನಡುವೆ ಖಾಲಿ ಜಾಗವೂ ಇರಬಹುದು, ನ್ಯೂ ಸೆಂಚುರಿ ಸ್ಕೂಲ್‌ಬುಕ್ ಅಂತ ಒಂದು ಮನೆತನವೇ ಇದೆ. ಹಾಗಾಗಿ ಜಾಗ ಕಂಡಲ್ಲಿ ಕತ್ತರಿಸಬೇಡಿ, ಹೈಫನ್ ಕಂಡಲ್ಲಿ ಮಾತ್ರ ಕತ್ತರಿಸಿ.

ಹೈಫನ್ ಅಂದಕೂಡಲೆ ಒಂದು ತಮಾಷೆ ನೆನಪಾಯಿತು. ಎಕ್ಸ್11ರ ಆರನೇ ಬಿಡುಗಡೆಯಿಂದ ಅಕ್ಷರವನ್ನು ತಿರುಗಿಸಿ, ವಾಲಿಸಿ ಕೇಳಲು ಏಳನೇ ಮನೆಯಲ್ಲಿ ಒಂದು ಸಂಖ್ಯೆಯ ಬದಲು ಚೌಕ ಕಂಸದಲ್ಲಿ ನಾಲ್ಕು ಸಂಖ್ಯೆ ಬರೆಯಬಹುದು. ಅದರಲ್ಲಿ ಮೈನಸ್ ಬಂದರೆ? ಮೈನಸ್ ಮತ್ತು ಹೈಫನ್ ಒಂದೇ ಗೆರೆ, ಮನೆ ಎಣಿಕೆ ಕೆಡುತ್ತದೆ. ಅದಕ್ಕೆ ಮೈನಸ್ ಬದಲು ಟಿಲ್ಡೆ (~) ಬಳಸಿ ಅಂತ ಮಾಡಿಟ್ಟಿದ್ದಾರೆ.

ಗಂಜಿಗೆ ತಿರುಗಿ ಬರೋಣ. ಐಬಿಎಂ ಕೊರಿಯರ್ ಅದೇ ಕಂಪ್ಯೂಟರಿನಲ್ಲಿ ಇದ್ದೇ ಇತ್ತು. ನನ್ನ ಪ್ರೋಗ್ರಾಂ ಯಾಕೆ ಅಡೋಬಿಯ ಚುಕ್ಕಿ ಕೊರಿಯರನ್ನೇ ಎತ್ತಿಕೊಂಡಿತು? ಮಾಡಿದವರ ಮನೆಯಲ್ಲಿ ನಾನು ನಕ್ಷತ್ರ ಹಾಕಿದ್ದೆ, ಯಾರದಾದರೂ ಇರಲಿ ಕೊರಿಯರ್ ಆದರೆ ಸಾಕು ಅಂತ. ಸರ್ವರ್ ಫಾಂಟುಗಳನ್ನು ಹುಡುಕುವುದು ಫೋಲ್ಡರುಗಳ ಸಾಲಿನಲ್ಲಿ. ಎಕ್ಸ್‌ಸೆಟ್ ಕ್ಯೂ ಅಂತ ಕೊಟ್ಟರೆ ಆ ಸಾಲು ತೋರಿಸುತ್ತದೆ. ಅದರಲ್ಲಿ ಅಡೋಬಿಯದು ಇದ್ದ 75ಡಿಪಿಐ ಅನ್ನುವ ಫೋಲ್ಡರ್ ಮುಂದಿತ್ತು, ಐಬಿಎಂನದು ಇದ್ದ ಟೈಪ್1 ಫೋಲ್ಡರ್ ಹಿಂದಿತ್ತು. ಮೊದಲು ಸಿಕ್ಕಿದವರಿಗೆ ಮಣೆ. ಇದಕ್ಕೆ ಮದ್ದು ಎಂದರೆ ಫೋಲ್ಡರ್ ಹೆಸರಿನ ಕೊನೆಗೆ ಕೋಲನ್ ಹಾಕಿ ಅನ್‌ಸ್ಕೇಲ್ಡ್ ಅಂತ ಸೇರಿಸುವುದು. ಆಗ ಆ ಫೋಲ್ಡರಿನ ಚುಕ್ಕಿ ಫಾಂಟುಗಳು ಇದ್ದ ಅಳತೆಯಲ್ಲಿ ಮಾತ್ರ ಸಿಗುತ್ತವೆ, ಸರ್ವರ್ ಜಗ್ಗುವ ಉಪಕಾರ ಮಾಡುವುದಿಲ್ಲ. ಹಾಗೇ ಮಾಡಿದೆ. ಅಂಕಿ ನುಣುಪಾಯಿತು. ಅವರು ಏನೂ ಹೇಳಲಿಲ್ಲ. ಗಂಜಿನಲ್ಲಿ ಏನೂ ಹೇಳದಿದ್ದರೆ ಒಪ್ಪಿಗೆ ಅಂತ ಅರ್ಥ.

ಇಲ್ಲಿ ಕೂತಿದ್ದ ಒಬ್ಬ ಹುಡುಗ ಕೇಳಿದ, "ಸರ್, ಇಷ್ಟೆಲ್ಲ ಯಾಕ್ರಿ? ಫೈಲಿನ ಕೊನಿಗಿ ಟಿಟಿಎಫ್ ಅದ ಅಂದ್ರ ಸ್ಕೇಲೆಬಲ್ ಅಂತ ತಿಳ್ಕೊಂಡ್ರ ಆಗಲ್ಲೇನ್ರಿ?"

ಒಳ್ಳೆ ಪ್ರಶ್ನೆ. ನೂರಕ್ಕೆ ತೊಂಬತ್ತು ಸಲ ನಡೆಯುತ್ತದೆ. ಬಿಡಿಎಫ್, ಪಿಸಿಎಫ್ ಅಂದರೆ ಚುಕ್ಕಿ. ಪಿಎಫ್‌ಬಿ, ಟಿಟಿಎಫ್, ಒಟಿಎಫ್ ಅಂದರೆ ಗೆರೆ. ಆದರೆ ಟಿಟಿಎಫ್ ಅನ್ನುವುದು ಒಂದು ಡಬ್ಬಿ, ಅದರೊಳಗೆ ಬೇರೆ ಬೇರೆ ಖಾನೆ. ಗ್ಲಿಫ್ ಅಥವಾ ಸಿಎಫ್‌ಎಫ್ ಅನ್ನುವ ಖಾನೆ ಇದ್ದರೆ ಗೆರೆ ಇದೆ. ಬರೀ ಚುಕ್ಕಿಯ ಖಾನೆ ಇಟ್ಟು ಅದೇ ಡಬ್ಬಿಗೆ ಮುಚ್ಚಳ ಹಾಕಿದವರೂ ಇದ್ದಾರೆ. ಪ್ರೋಗ್ರಾಂ ಬರೆಯುವವರು ಫ್ರೀಟೈಪ್ ಲೈಬ್ರರಿಯನ್ನು ಕೇಳಿ. ಡಬ್ಬಿ ತೆರೆದು ನೋಡಿ, ಗೆರೆ ಇದೆಯಾ ಅಂತ ಒಂದು ಧ್ವಜದಲ್ಲಿ, ಅಂದರೆ ಹೌದು-ಇಲ್ಲ ಗುರುತಿನಲ್ಲಿ ಹೇಳುತ್ತದೆ, ಒಳಗೆ ಯಾವ ಯಾವ ಅಳತೆಯ ಚುಕ್ಕಿ ಅಕ್ಷರ ಇವೆ ಅಂತಲೂ ಹೇಳುತ್ತದೆ. ಎರಡೂ ಇರುವ ಫಾಂಟುಗಳೂ ಉಂಟು, ಸಣ್ಣ ಅಳತೆಗೆ ಚುಕ್ಕಿ, ದೊಡ್ಡದಕ್ಕೆ ಗೆರೆ. ವಿಂಡೋಸ್‌ನಲ್ಲಿ ಕೆಲಸ ಮಾಡಿದವರಿಗೆ ಪಟ್ಟಿಯಲ್ಲಿ ಹೆಸರಿನ ಪಕ್ಕ ಎರಡು ಟಿ ಕೂಡಿದ ಗುರುತು ನೆನಪಿರಬಹುದು. 1992ರಲ್ಲಿ ವಿಂಡೋಸ್ 3.1 ಜೊತೆ ಟ್ರೂಟೈಪ್ ಬಂದಾಗ ಇದೇ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು.

ಈಗ ಕೊನೆಯ ಎರಡು ಮನೆ, ಕನ್ನಡದ ಗೋಳು. ರೇಟ್ ಸರಿಯಾದ ಮೇಲೆ ವ್ಯಾಪಾರಿಗಳು, ಮೇಲೆ ತೊಗರಿ ಅಂತ ಕನ್ನಡದಲ್ಲಿ ಹಾಕು ಅಂದರು. ಹಾಕುತ್ತೇನೆ ಅಂದುಬಿಟ್ಟೆ. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಕೋಡು ಕೊಟ್ಟಿರುವ ಪಟ್ಟಿ ಯೂನಿಕೋಡ್. ಯೂನಿಕೋಡ್ ಫಾಂಟಿನ ಹೆಸರು ಐಎಸ್ಒ10646-1 ಅಂತ ಮುಗಿಯುತ್ತದೆ. ಅಂಥ ಒಂದು ಕನ್ನಡ ಫಾಂಟ್ ಸಿಕ್ಕಿತು, ಸೊನ್ನೆಗಳೂ ಸರಿಯಾಗಿದ್ದವು. ಮೂಡಿಸಿದರೆ ತ ಬೇರೆ, ಒ ಕಾರದ ಚಿಹ್ನೆ ಬೇರೆ, ಬಿಡಿ ಬಿಡಿಯಾಗಿ ಪಕ್ಕಪಕ್ಕ ನಿಂತವು. ಎಕ್ಸ್‌ನ ಹಳೆ ಪದ್ಧತಿಗೆ ಗೊತ್ತಿರುವುದು ಒಂದು ಕೋಡಿಗೆ ಒಂದು ಚಿತ್ರ ಇಡುವುದು, ಮುಂದೆ ಸರಿಯುವುದು. ಎರಡು ಸೇರಿ ಮೂರನೆಯದಾಗುವ ಕನ್ನಡದ ಕೂಡಿಕೆ ಅದಕ್ಕೆ ಗೊತ್ತಿಲ್ಲ. ಕೊನೆಗೆ ನಾನು ಹಳೆ ಬಗೆಯ, ಯೂನಿಕೋಡ್ ಅಲ್ಲದ ಒಂದು ಕನ್ನಡ ಟ್ರೂಟೈಪ್ ಫಾಂಟ್ ಹಾಕಿದೆ. ಡಿಟಿಪಿಯವರಿಗೆ ಇದು ಚೆನ್ನಾಗಿ ಗೊತ್ತು. ಕನ್ನಡ ಟೈಪ್ ಮಾಡುವ ನುಡಿ, ಬರಹ ತಂತ್ರಾಂಶಗಳ ಮೊದಲ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಕೋಡುಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ತುಂಡು ಪಕ್ಕ ತುಂಡು ಇಟ್ಟರೆ ಅಕ್ಷರ ಆಗುತ್ತದೆ, ಕೂಡಿಸುವ ಬುದ್ಧಿ ಬೇಕಾಗಿಲ್ಲ. ಹಾಗಾಗಿ ಯೂನಿಕೋಡ್ ಸೋತ ಕಡೆ ಅದು ಗೆದ್ದಿತು. ಆ ಬೋರ್ಡಿನ ಮಟ್ಟಿಗೆ ಮಾತ್ರ. ಅದೇ ಸಾಲನ್ನು ಬೇರೆ ಫಾಂಟಿಗೆ ಹಾಕಿದರೆ ಏನು ಕಾಣುತ್ತದೆ ಅಂತ ಹಳೆ ಫೈಲು ತೆರೆದವರಿಗೆ ಹೇಳಬೇಕಾ?

ಈಗ ಕಾಲ ಬದಲಾಗಿದೆ. ಎಕ್ಸ್ ಸರ್ವರ್ ಕೈಯಲ್ಲಿದ್ದ ಫಾಂಟಿನ ಕೆಲಸವನ್ನು ಗಿರಾಕಿಗಳೇ ವಹಿಸಿಕೊಂಡಿದ್ದಾರೆ. ಎಕ್ಸ್ ಕಟ್ಟಿದವರಲ್ಲಿ ಒಬ್ಬರಾದ ಕೀತ್ ಪ್ಯಾಕರ್ಡ್ ಎಕ್ಸ್‌ಎಫ್‌ಟಿ, ಫಾಂಟ್‌ಕಾನ್ಫಿಗ್ ಅನ್ನುವ ಲೈಬ್ರರಿಗಳನ್ನು ಮಾಡಿದ ಮೇಲೆ ಹುಡುಕುವುದು ಫಾಂಟ್‌ಕಾನ್ಫಿಗ್ ಕೆಲಸ, ಚುಕ್ಕಿ ತುಂಬುವುದು ಫ್ರೀಟೈಪ್ ಕೆಲಸ, ಅಕ್ಷರ ಕೂಡಿಸುವುದು ಹಾರ್ಫ್‌ಬಜ್ ಕೆಲಸ. ಎಕ್ಸ್ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಂತೂ ಸರ್ವರ್ ಕಡೆ ಅಕ್ಷರ ಬರೆಯುವ ಮಾತೇ ಇಲ್ಲ. 14 ಮನೆಯ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಇವತ್ತೇ ಮೊದಲ ಸಲ ನೋಡಿರಬಹುದು.

ಪ್ರಶ್ನೆ ಮಾತ್ರ ಹಳೆಯದೇ. ಈಗ ಕೇಳುವುದು ಹೀಗೆ: ಎಫ್‌ಸಿ-ಲಿಸ್ಟ್ ಬರೆದು, ಕೋಲನ್ ಹಾಕಿ, ಸ್ಕೇಲೆಬಲ್ ಸಮ ಟ್ರೂ, ಮತ್ತೆ ಕೋಲನ್, ಲ್ಯಾಂಗ್ ಸಮ ಕೆಎನ್. ಹಿಗ್ಗುವ ಕನ್ನಡ ಫಾಂಟುಗಳ ಪಟ್ಟಿ ಬರುತ್ತದೆ. ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೊ ಸ್ಯಾನ್ಸ್ ಕನ್ನಡ, ನೀವು ಏನೇನು ಹಾಕಿಕೊಂಡಿದ್ದೀರೋ ಅವು. ಡೆಬಿಯನ್, ಉಬುಂಟು ಲಿನಕ್ಸ್ ಬಳಸುವವರಿಗೆ ಒಂದು ಮಾತು. ಅವುಗಳಲ್ಲಿ ಚುಕ್ಕಿ ಫಾಂಟುಗಳನ್ನು ಬಾಗಿಲಲ್ಲೇ ತಡೆಯುವ ಒಂದು ಸೆಟ್ಟಿಂಗ್ ಫೈಲ್ ಇರುತ್ತದೆ. ಸ್ಕೇಲೆಬಲ್ ಸಮ ಫಾಲ್ಸ್ ಅಂತ ಕೇಳಿ ಏನೂ ಬರದಿದ್ದರೆ ನಿಮ್ಮ ಹತ್ತಿರ ಚುಕ್ಕಿ ಫಾಂಟೇ ಇಲ್ಲ ಅಂತ ತಿಳಿಯಬೇಡಿ. 2019ರಲ್ಲಿ ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿಯ 1.44 ಬಂದಾಗಿನಿಂದ ಹಲವು ಪ್ರೋಗ್ರಾಂಗಳಲ್ಲಿ ಹಳೆ ಚುಕ್ಕಿ ಫಾಂಟುಗಳೂ, ಟೈಪ್ 1 ಫಾಂಟುಗಳೂ ನಡೆಯುವುದೇ ಇಲ್ಲ. ಅಂದರೆ ನಮ್ಮ ಗಂಜಿನ ಐಬಿಎಂ ಕೊರಿಯರ್‌ಗೆ ಐದು ಸೊನ್ನೆ ಇದ್ದರೂ ಅಲ್ಲಿ ಮಣೆ ಸಿಗುವುದಿಲ್ಲ. ನನಗೆ ಅದು ಸ್ವಲ್ಪ ಬೇಜಾರೇ.

ಲ್ಯಾಂಗ್ ಕೆಎನ್ ಅಂದರೆ ಏನು ಅಂತಲೂ ತಿಳಿದಿರಲಿ. ಕನ್ನಡಕ್ಕೆ ಬೇಕಾದ ಮೂಲ ಅಕ್ಷರಗಳ ಕೋಡುಗಳಿಗೆ ಫಾಂಟಿನಲ್ಲಿ ಚಿತ್ರ ಇದೆಯಾ ಅಂತ ಮಾತ್ರ ಅದು ನೋಡುತ್ತದೆ. ಒತ್ತಕ್ಷರ ಕೂಡುತ್ತದಾ ಅಂತ ನೋಡುವುದಿಲ್ಲ. ಅದಕ್ಕೆ ಎಫ್‌ಸಿ-ಕ್ವೆರಿ ಅನ್ನುವ ಕಮಾಂಡಿಗೆ ಫಾಂಟ್ ಫೈಲ್ ಕೊಟ್ಟು, ಕೇಪಬಿಲಿಟಿ ಅನ್ನುವ ಸಾಲು ನೋಡಿ. ಅಲ್ಲಿ ಕೆಎನ್‌ಡಿಎ ಅಥವಾ ಕೆಎನ್‌ಡಿ2 ಅಂತ ಕಂಡರೆ ಕನ್ನಡ ಕೂಡಿಸುವ ನಿಯಮಗಳು ಫಾಂಟಿನೊಳಗೆ ಇವೆ. ಆ ನಿಯಮ ಸರಿಯಿದೆಯಾ ಅನ್ನುವುದಕ್ಕೆ ಮಾತ್ರ ಕಣ್ಣೇ ಬೇಕು.

ಕಣ್ಣಲ್ಲಿ ನೋಡುವಾಗ ಊರ ಹೆಸರು ಬರೆದು ನೋಡುವುದು ನಮ್ಮ ಚಟ. ಇಲ್ಲೊಂದು ಮೋಸ ಇದೆ. ಕಲಬುರಗಿ, ಬೀದರ್, ಯಾದಗಿರಿ, ಮೂರರಲ್ಲೂ ಒಂದೇ ಒಂದು ಒತ್ತಕ್ಷರ ಇಲ್ಲ! ಎಂಥ ಅರೆಬರೆ ಫಾಂಟ್ ಕೂಡ ಈ ಪರೀಕ್ಷೆ ಪಾಸಾಗುತ್ತದೆ. 2014ರ ನವೆಂಬರ್ 1ರವರೆಗೆ ನಮಗೆ ಒಳ್ಳೆ ಅನುಕೂಲ ಇತ್ತು. ಗುಲ್ಬರ್ಗ ಅಂತ ಬರೆದರೆ ಲಕ್ಕೆ ಬ ಒತ್ತು, ಆಮೇಲೆ ಅರ್ಕಾವತ್ತು, ಎರಡೂ ಪರೀಕ್ಷೆ ಒಂದೇ ಪದದಲ್ಲಿ ಮುಗಿಯುತ್ತಿತ್ತು. ಕಲಬುರಗಿ ಅನ್ನುವ ಹೆಸರೇ ನನಗೆ ಇಷ್ಟ, ಆದರೆ ಫಾಂಟ್ ಪರೀಕ್ಷೆಗೆ ಈಗಲೂ ಹಳೆ ಹೆಸರನ್ನೇ ಬರೆಯುತ್ತೇನೆ. ಸನ್ನತಿ, ಚಿತ್ತಾಪುರ ಸೇರಿಸಿ. ರಾಷ್ಟ್ರಕೂಟ ಅಂತಲೂ ಬರೆಯಿರಿ, ಅವರ ರಾಜಧಾನಿ ಮಳಖೇಡ ನಮ್ಮ ಜಿಲ್ಲೆಯದೇ ಅಲ್ವಾ. ಷ, ಟ, ರ ಮೂರು ಒಂದರ ಕೆಳಗೊಂದು ಸರಿಯಾಗಿ ಕೂತರೆ ಫಾಂಟ್ ಮಾಡಿದವರು ಕೂತು ಕೆಲಸ ಮಾಡಿದ್ದಾರೆ ಅಂತ ಅರ್ಥ. ಒಮ್ಮೆ ಸಣ್ಣದಾಗಿ, ಒಮ್ಮೆ ಗೋಡೆಯಷ್ಟು ದೊಡ್ಡದಾಗಿ ನೋಡಿ. ಕನ್ನಡದ ಅಕ್ಷರ ಗುಂಡಗೆ ಇರುವುದರಿಂದ ಮೆಟ್ಟಿಲು ಬಿದ್ದರೆ ಇಂಗ್ಲಿಷಿನ ಎಲ್, ಟಿಗಿಂತ ಬೇಗ ಕಣ್ಣಿಗೆ ಹೊಡೆಯುತ್ತದೆ.

ಕೊನೆಯಲ್ಲಿ ಒಬ್ಬಳು ಹುಡುಗಿ ಅಲ್ಲೇ ಲ್ಯಾಪ್‌ಟಾಪ್ ತೆರೆದು ಪಟ್ಟಿ ತೆಗೆದಳು. ಇಮೋಜಿ ಫಾಂಟ್ ಸ್ಕೇಲೆಬಲ್ ಟ್ರೂ ಅಂತ ತೋರಿಸುತ್ತಿದೆ, ಆದರೆ ದೊಡ್ಡದು ಮಾಡಿದರೆ ಅಂಚು ಮಸುಕಾಗುತ್ತದೆ, ಯಾಕೆ ಅಂತ ಕೇಳಿದಳು. ನೋಟೊ ಕಲರ್ ಇಮೋಜಿಯ ಬಣ್ಣದ ಚುಕ್ಕಿ ಆವೃತ್ತಿ ಅದು. ಒಳಗೆ ಒಂದೊಂದು ಮುಖವೂ 136 ಅಗಲ, 128 ಎತ್ತರದ ಚಿತ್ರ. ಬೇಕಾದ ಅಳತೆಗೆ ಎಳೆದುಕೊಳ್ಳಬಹುದು ಅಂತ ಫಾಂಟ್‌ಕಾನ್ಫಿಗ್ ಅದಕ್ಕೂ ಟ್ರೂ ಅನ್ನುತ್ತದೆ. ಪಕ್ಕದಲ್ಲಿ ಔಟ್‌ಲೈನ್ ಅನ್ನುವ ಇನ್ನೊಂದು ಗುಣ ಇದೆ, ಅದನ್ನು ಕೇಳು ಅಂದೆ. ಕೇಳಿದಳು. ಫಾಲ್ಸ್ ಅಂತ ಬಂತು.

"ಅಂದ್ರ ಇದು ನಿಮ್ಮ ಗಂಜಿನ 75-75 ಇದ್ದಂಗ ಆತಲ್ರಿ ಸರ್" ಅಂದಳು. ಹೌದು, ಹಾಗೇ ಆಯಿತು. ಅಷ್ಟರಲ್ಲಿ ಚಹಾ ಬಂತು.